ಕೆಂಡದಡ್ಯೆ (ಪೆರ್ಲ ಪರಿಸರದ ಮನೆಯಡುಗೆ)

ಕೆಂಡದಡ್ಯೆ ಎಂದರೆ ಅಕ್ಕಿಯ ತರಿಗೆ ಹಲಸಿನ ಹಣ್ಣು ಇಲ್ಲವೆ ಸೌತೆಕಾಯಿ, ಬೆಲ್ಲ, ತೆಂಗಿನತುರಿ ಸೇರಿಸಿ, ಬಾಳೆಲೆ ಹಾಸಿದ ಪಾತ್ರೆಯಲ್ಲಿ ತುಂಬಿ, ಪಾತ್ರೆಯ ಅಡಿಗೂ ಮುಚ್ಚಳದ ಮೇಲಕ್ಕೂ ಕೆಂಡ ಹಾಕಿ ಬೇಯಿಸುವ ಸಿಹಿ ತಿಂಡಿ. ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಮತ್ತು ಅವಕ್ಕೆ ತಾಗಿದ ದಕ್ಷಿಣ ಕನ್ನಡದ ವಿಟ್ಲ, ಪುತ್ತೂರು ಸೀಮೆಗಳ ಕೃಷಿಕ ಮನೆಗಳಲ್ಲಿ ಇದು ಬಳಕೆಯಲ್ಲಿದೆ. ಗೋಧಿ, ಮೊಟ್ಟೆ, ಯೀಸ್ಟ್ ಯಾವುದೂ ಇಲ್ಲದ, ಓವನ್ ಎಂಬ ಪ್ರತ್ಯೇಕ ಸಾಧನವೂ ಇಲ್ಲದ ಮನೆ ಬೇಕಿಂಗಿನ ಸ್ಪಷ್ಟ ಉದಾಹರಣೆ ಇದು. ಈ ಲೇಖನ ಕೆಂಡದಡ್ಯೆಯ ಜೊತೆಗೆ ಅದೇ ಒಲೆಯಲ್ಲಿ, ಅದೇ ಎಲೆಯಲ್ಲಿ ತಯಾರಾಗುವ ಅದರ ಹತ್ತಿರದ ತಿಂಡಿಗಳನ್ನೂ ಪರಿಚಯಿಸುತ್ತದೆ.

ಹೆಸರು ಮತ್ತು ಪರಿಭಾಷೆ

ತುಳುವಿನಲ್ಲಿ ಇದು ‘ಗೆಂಡದಡ್ಯೆ’. ಹವ್ಯಕ ಕನ್ನಡದಲ್ಲಿ ‘ಕೆಂಡತ್ತಡ್ಯ’ ಎನ್ನುತ್ತಾರೆ. ಬರವಣಿಗೆಯ ಕನ್ನಡದಲ್ಲಿ ‘ಕೆಂಡದಡ್ಯೆ’, ‘ಕೆಂಡದ ಅಡ್ಯೆ’ ಎಂಬ ರೂಪಗಳು ಕಾಣಸಿಗುತ್ತವೆ. ಅಡ್ಯೆ ಎಂಬುದು ತುಳುನಾಡಿನಲ್ಲಿ ಅಕ್ಕಿಯಿಂದ ಮಾಡಿದ ಹಲವು ತಿಂಡಿಗಳಿಗೆ ಸಲ್ಲುವ ಹೆಸರು. ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ್ದಕ್ಕೂ ಅಡ್ಯೆ ಎನ್ನುವುದುಂಟು. ಆದ್ದರಿಂದ ಇಲ್ಲಿ ‘ಕೆಂಡದಡ್ಯೆ’ ಎಂಬುದನ್ನು ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸಿದ ತಿಂಡಿಗೆ ಮಾತ್ರ ಬಳಸಲಾಗಿದೆ. ಬಾಳೆಲೆಯ ಪೊಟ್ಟಣ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು ‘ಕೊಟ್ಟಿಗೆ’. ಎಲೆಯ ಮೇಲೆ ಹಿಟ್ಟನ್ನು ತೆಳುವಾಗಿ ಹರಡಿ, ಒಳಗೆ ಕಾಯಿ ಬೆಲ್ಲದ ಹೂರಣವಿಟ್ಟು ಮಡಚಿ ಬೇಯಿಸಿದ್ದು ‘ಗೆಣಸಲೆ’. ಹಲಸಿನ ಹಣ್ಣಿನ ಕೊಟ್ಟಿಗೆಗೂ ಹಲಸಿನ ಹಣ್ಣಿನ ಕೆಂಡದಡ್ಯೆಗೂ ಸಾಮಗ್ರಿ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಬೆಂಕಿಯಿಂದ ಬಂದ ತಿಂಡಿ, ಇನ್ನೊಂದು ಹಬೆಯಿಂದ ಬಂದದ್ದು. ರುಚಿಯಲ್ಲೂ ಬಾಳಿಕೆಯಲ್ಲೂ ಇವೆರಡು ಬೇರೆಯೇ ತಿಂಡಿಗಳು.

ಪ್ರದೇಶ ಮತ್ತು ಹಿನ್ನೆಲೆ

ಪೆರ್ಲವು ಎಣ್ಮಕಜೆ ಗ್ರಾಮ ಪಂಚಾಯತಿನ ಮುಖ್ಯ ಪೇಟೆ. ಚೆರ್ಕಳದಿಂದ ಬದಿಯಡ್ಕದ ಮೂಲಕ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿದೆ. ಅಲ್ಲಿಂದ ಅಡ್ಕಸ್ಥಳ ದಾಟಿದರೆ ಕರ್ನಾಟಕದ ಅಡ್ಯನಡ್ಕ, ಮುಂದೆ ವಿಟ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಈ ಊರುಗಳೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಕಾಸರಗೋಡು ಜಿಲ್ಲೆ 1984ರಲ್ಲಿ ರೂಪುಗೊಂಡಿತು. ಪೆರ್ಲವನ್ನು ಒಳಗೊಂಡ ಮಂಜೇಶ್ವರ ತಾಲೂಕು 2014ರಲ್ಲಿ ಬಂತು. ಆಡಳಿತದ ಗೆರೆಗಳು ಬದಲಾದರೂ ಅಡುಗೆಯ ಸೀಮೆ ಬದಲಾಗಲಿಲ್ಲ. ಗಡಿಯ ಎರಡೂ ಬದಿಗಳಲ್ಲಿ ನೆಂಟಸ್ತಿಕೆ, ಬೆಳೆ, ಮಳೆ ಒಂದೇ ಆಗಿರುವುದರಿಂದ ತಿಂಡಿಗಳೂ ಒಂದೇ.

ಇಲ್ಲಿನ ನೆಲ ಮುರಕಲ್ಲಿನದು. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 3,500 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುತ್ತದೆ. ಅಡಿಕೆ, ತೆಂಗು, ಕರಿಮೆಣಸು ಮುಖ್ಯ ಬೆಳೆಗಳು. ಹಿಂದೆ ತಗ್ಗಿನ ಬೈಲುಗಳಲ್ಲಿ ಭತ್ತವಿತ್ತು, ಗದ್ದೆಯ ಕೊಯ್ಲಾದ ಮೇಲೆ ಅಲ್ಲೇ ಸೌತೆ, ಗೆಣಸು, ತರಕಾರಿ ಬೆಳೆಯುತ್ತಿದ್ದರು. ಹಲಸು ಪ್ರತಿ ಹಿತ್ತಿಲಿನ ಮರ. ಗೋಧಿ ಇಲ್ಲಿ ಬೆಳೆಯುವುದಿಲ್ಲ. ಹೀಗಾಗಿ ಅಕ್ಕಿ, ತೆಂಗು, ಬೆಲ್ಲ ಮತ್ತು ಕಾಲಕಾಲದ ಹಣ್ಣು ತರಕಾರಿ ಸೇರಿಯೇ ಇಲ್ಲಿನ ಸಿಹಿ ತಿಂಡಿಗಳು ಹುಟ್ಟಿದವು.

ಪೆರ್ಲ ಪರಿಸರದಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಮರಾಠಿ, ಕೊಂಕಣಿ, ಬ್ಯಾರಿ ಮಾತುಗಳು ಒಟ್ಟಿಗೇ ಕೇಳಿಸುತ್ತವೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಯುವುದು ಇದೇ ಕಾರಣಕ್ಕೆ. ಕೆಂಡ ಹಾಕಿ ಬೇಯಿಸುವ ಕ್ರಮವೂ ಒಂದು ಸಮುದಾಯದ ಸೊತ್ತಲ್ಲ. ಹವ್ಯಕರು, ಬಂಟರು, ಇತರ ತುಳುವರು ಮಾಡುವ ಅಡ್ಯೆ, ಕೊಂಕಣಿಗರ ತವ್ಸಳಿ, ಮಾಪಿಳ್ಳೆ ಮತ್ತು ಬ್ಯಾರಿ ಮನೆಗಳ ಕಲ್ತಪ್ಪ ಇವೆಲ್ಲ ಒಂದೇ ತಂತ್ರದ ಬೇರೆ ಬೇರೆ ಫಲಗಳು.

ಈ ತಂತ್ರ ಕನ್ನಡ ನಾಡಿಗೆ ಹಳೆಯದು. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿಂಡಿಗಳ ವಿವರವಿದ್ದು, ಮುಚ್ಚಿದ ಪಾತ್ರೆಗೆ ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿ ಅದರಲ್ಲಿ ಬರುತ್ತದೆ. ಕರಾವಳಿಯ ಅಡ್ಯೆಗೂ ಆ ರೊಟ್ಟಿಗೂ ಹಿಟ್ಟು ಬೇರೆ, ಸಂದರ್ಭ ಬೇರೆ. ಬೆಂಕಿಯ ಹದ ಒಂದೇ.

ಸಾಮಗ್ರಿ

ಮೂಲ ವಸ್ತು ಬೆಳ್ತಿಗೆ ಅಕ್ಕಿ. ಕುಚ್ಚಿಲಕ್ಕಿ ಊಟಕ್ಕೆ, ಬೆಳ್ತಿಗೆ ತಿಂಡಿಗೆ ಎಂಬುದು ಇಲ್ಲಿನ ಸಾಮಾನ್ಯ ವಿಂಗಡಣೆ. ಅಡ್ಯೆಗೆ ಅಕ್ಕಿಯನ್ನು ತೊಳೆದು, ನೀರು ಬಸಿದು, ನೆರಳಲ್ಲಿ ಆರಿಸಿ ತರಿಯಾಗಿ ಒಡೆಯುತ್ತಾರೆ. ನೆನೆಸಿ ಕಡೆಯುವ ಕಲ್ಲಿನಲ್ಲಿ ತರಿತರಿಯಾಗಿ ಅರೆಯುವ ಕ್ರಮವೂ ಇದೆ. ನುಣ್ಣಗೆ ಅರೆದರೆ ತಿಂಡಿ ಅಂಟಂಟಾಗುತ್ತದೆ. ತರಿ ಉಳಿದರೆ ಬಿಡಿಬಿಡಿಯಾಗಿ, ಕತ್ತರಿಸಲು ಹದವಾಗಿ ಬರುತ್ತದೆ.

ಹಲಸಿನಲ್ಲಿ ಎರಡು ಮುಖ್ಯ ಬಗೆ. ತೊಳೆ ಗಟ್ಟಿಯಾಗಿ, ಕಚ್ಚಿದರೆ ಗರಿಗರಿಯೆನ್ನುವುದು ಬಕ್ಕೆ. ಕೈಯಲ್ಲಿ ಹಿಡಿದರೆ ಜಾರುವಷ್ಟು ಮೆತ್ತಗಿರುವುದು ತುಳುವ. ತಿನ್ನಲು ಬಕ್ಕೆಗೇ ಬೆಲೆ ಹೆಚ್ಚು, ಪೇಟೆಗೆ ಹೋಗುವುದೂ ಅದೇ. ಅಡ್ಯೆಗೆ ಮತ್ತು ಕೊಟ್ಟಿಗೆಗೆ ಮಾತ್ರ ತುಳುವನೇ ಒಳ್ಳೆಯದು. ಅದರ ರಸ ಸುಲಭವಾಗಿ ಬಿಡುತ್ತದೆ, ನಾರನ್ನು ಕೈಯಲ್ಲೇ ಸೋಸಿ ತೆಗೆಯಬಹುದು. ಬಕ್ಕೆಯಾದರೆ ಸಣ್ಣಗೆ ಹೆಚ್ಚಿ ಅಥವಾ ಅರೆದು ಹಾಕಬೇಕು. ಪೇಟೆಯಲ್ಲಿ ಕೇಳುವವರಿಲ್ಲದ ಹಣ್ಣಿಗೆ ಅಡುಗೆಮನೆಯಲ್ಲಿ ಮೊದಲ ಸ್ಥಾನ ಸಿಗುವುದು ಈ ತಿಂಡಿಗಳಿಂದ.

ಸೌತೆಯ ಅಡ್ಯೆಗೆ ಬಲಿತ ಮುಳ್ಳುಸೌತೆಯನ್ನು ಆಯ್ದು, ಸಿಪ್ಪೆ ಮತ್ತು ಬೀಜ ತೆಗೆದು ತುರಿಯುತ್ತಾರೆ. ಬಣ್ಣದ ಸಾಂಬಾರು ಸೌತೆಯನ್ನೂ ಬಳಸುವುದುಂಟು. ಅದನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡಿಯಲ್ಲಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದು, ಹೀಗಾಗಿ ಹಲಸು ಇಲ್ಲದ ದಿನಗಳಲ್ಲೂ ಅಡ್ಯೆಗೆ ಅಡ್ಡಿಯಿಲ್ಲ.

ಉಳಿದಂತೆ ಬೆಲ್ಲ, ತೆಂಗಿನತುರಿ, ಚಿಟಿಕೆ ಉಪ್ಪು, ಏಲಕ್ಕಿ, ಸ್ವಲ್ಪ ತುಪ್ಪ. ಕೆಲವರು ತೆಂಗಿನಕಾಯಿಯ ಚೂರುಗಳನ್ನು ತುಪ್ಪದಲ್ಲಿ ಹುರಿದು ಸೇರಿಸುತ್ತಾರೆ, ಕೆಲವರು ಕರಿ ಎಳ್ಳು ಹಾಕುತ್ತಾರೆ. ಉಪ್ಪನ್ನು ಬಿಡುವಂತಿಲ್ಲ. ಅದಿಲ್ಲದ ಅಡ್ಯೆ ಬರೀ ಸಪ್ಪೆ ಸಿಹಿ.

ಒಲೆ, ಪಾತ್ರೆ, ಕೆಂಡ

ಪಾತ್ರೆ ದಪ್ಪ ತಳದ್ದಿರಬೇಕು. ಕಂಚಿನ ಉರುಳಿ ಇದಕ್ಕೆ ಹೇಳಿ ಮಾಡಿಸಿದ್ದು. ಅಗಲ ಬಾಯಿ, ತಗ್ಗಿದ ಗೋಡೆ, ಶಾಖವನ್ನು ಸಮನಾಗಿ ಹರಡುವ ಲೋಹ ಎಲ್ಲವೂ ಅದರಲ್ಲಿವೆ. ದಪ್ಪ ಅಲ್ಯೂಮಿನಿಯಂ ಬಾಣಲೆ, ಬೋಗುಣಿಗಳೂ ಬಳಕೆಯಲ್ಲಿವೆ. ಮುಚ್ಚಳ ಚಪ್ಪಟೆಯಾಗಿರಬೇಕು, ಅಂಚು ಸ್ವಲ್ಪ ಎದ್ದಿರಬೇಕು. ಇಲ್ಲವಾದರೆ ಕೆಂಡ ಜಾರಿ ಬೀಳುತ್ತದೆ, ಮುಚ್ಚಳ ತೆಗೆಯುವಾಗ ಬೂದಿ ತಿಂಡಿಗೆ ಉದುರುತ್ತದೆ. ಕೆಂಡ ತೆಗೆದಿಡಲು ಕಬ್ಬಿಣದ ಇಕ್ಕುಳ, ಬೂದಿ ಊದಲು ಊದುಗೊಳವೆ, ಇಷ್ಟೇ ಉಳಿದ ಸಲಕರಣೆ.

ಕೆಂಡದ ಆಯ್ಕೆಯಲ್ಲೇ ಈ ಅಡುಗೆಯ ಅರ್ಧ ಜಾಣತನ ಇದೆ. ತೆಂಗಿನ ಗೆರಟೆಯ ಕೆಂಡ ಬಿರುಸು, ಬಹಳ ಹೊತ್ತು ನಿಲ್ಲುತ್ತದೆ. ಮುಚ್ಚಳದ ಮೇಲಕ್ಕೆ ಅದನ್ನೇ ಆರಿಸುತ್ತಾರೆ, ಏಕೆಂದರೆ ಮೇಲಿನ ಶಾಖ ಮುಚ್ಚಳವನ್ನೂ ಒಳಗಿನ ಖಾಲಿ ಜಾಗವನ್ನೂ ದಾಟಿ ತಿಂಡಿಯನ್ನು ಮುಟ್ಟಬೇಕು. ತೆಂಗಿನ ಸಿಪ್ಪೆಯ ಕೆಂಡ ಮೆದು, ನಿಧಾನ. ಅದು ಅಡಿಗೆ ಹೊಂದುತ್ತದೆ. ಒಣ ಮಡಲು, ಸೋಗೆಗಳು ಭಗ್ಗನೆ ಉರಿದು ಬೂದಿಯಾಗುವುದರಿಂದ ಅವು ಒಲೆ ಹೊತ್ತಿಸಲಷ್ಟೇ ಸರಿ. ಬಚ್ಚಲಿನ ಹಂಡೆ ಒಲೆಯಲ್ಲಿ ಸ್ನಾನದ ನೀರು ಕಾಯಿಸಿದ ಮೇಲೆ ಉಳಿಯುವ ದೊಡ್ಡ ಕೊಳ್ಳಿಗಳ ಕೆಂಡವೂ ಅಡ್ಯೆಗೆ ಬಂದೊದಗುತ್ತದೆ. ಬೇರೆ ಕೆಲಸದಲ್ಲಿ ಉಳಿದ ಬೆಂಕಿಯನ್ನು ಹೀಗೆ ತಿಂಡಿಗೆ ತಿರುಗಿಸಿಕೊಳ್ಳುವ ಮನೆಗಳಲ್ಲಿ ಅಡ್ಯೆಗೆಂದು ಬೇರೆಯೇ ಸೌದೆ ಖರ್ಚಾಗುತ್ತಿರಲಿಲ್ಲ.

ತಯಾರಿಕೆಯ ಕ್ರಮ

ಹಲಸಿನ ಅಡ್ಯೆಗೆ ಒಂದು ಕುಡ್ತೆ ಅಕ್ಕಿ ತರಿಗೆ ಎರಡು ಕುಡ್ತೆಯಷ್ಟು ಹಣ್ಣಿನ ರಸ, ಅರ್ಧ ಕುಡ್ತೆ ತೆಂಗಿನತುರಿ ಸಾಮಾನ್ಯ ಅಳತೆ. ಬೆಲ್ಲ ಹಣ್ಣಿನ ಸಿಹಿ ನೋಡಿ ಅರ್ಧದಿಂದ ಒಂದು ಕುಡ್ತೆ. ಮಳೆ ಹಿಡಿದ ಮೇಲೆ ಬಿದ್ದ ಹಣ್ಣು ನೀರಾಗಿರುತ್ತದೆ, ಆಗ ತರಿ ತುಸು ಹೆಚ್ಚು ಬೇಕು.

ಮೊದಲು ರಸ ಮತ್ತು ಬೆಲ್ಲವನ್ನು ಬಾಣಲೆಯಲ್ಲಿ ಕುದಿಸುತ್ತಾರೆ. ಕುದಿ ಬಂದಾಗ ತರಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಗಂಟಾಗದಂತೆ ಮಗುಚುತ್ತಾರೆ. ತೆಂಗಿನತುರಿ, ಉಪ್ಪು, ಏಲಕ್ಕಿ ಹಾಕಿ, ಹಿಟ್ಟು ಬಾಣಲೆಯ ಬದಿ ಬಿಟ್ಟು ಮುದ್ದೆಯಾಗುವಷ್ಟು ಕಾಸಿದರೆ ಸಾಕು. ಇದು ಅರೆಬೇಯುವ ಹಂತ. ಇದನ್ನು ಬಿಟ್ಟು ಹಸಿ ಹಿಟ್ಟನ್ನೇ ಪಾತ್ರೆಗೆ ತುಂಬಿದರೆ ಅಡಿ ಕಪ್ಪಾದರೂ ನಡುಭಾಗ ಹಸಿಯಾಗಿಯೇ ಉಳಿಯುವ ಸಂಭವ ಹೆಚ್ಚು. ಸೌತೆಯ ಅಡ್ಯೆಯಲ್ಲಿ ತುರಿ ತಾನೇ ನೀರು ಬಿಡುವುದರಿಂದ ಬೇರೆ ನೀರು ಹಾಕುವುದಿಲ್ಲ.

ಬಾಳೆಲೆಯನ್ನು ಸೀಳಿ ಕೀತುಗಳನ್ನಾಗಿ ಮಾಡಿ, ಉರಿಯ ಮೇಲೆ ಆಚೀಚೆ ಆಡಿಸಿ ಬಾಡಿಸಬೇಕು. ತಿಳಿ ಹಸುರಿನ ಎಲೆ ಬೆಂಕಿ ತಾಗಿದಲ್ಲಿ ಗಾಢವಾಗಿ ಮಿನುಗುತ್ತ ಬರುವುದು ಕಣ್ಣಿಗೇ ಕಾಣುತ್ತದೆ. ಎಲೆಯ ಮೇಲಿನ ಮೇಣದಂಥ ಪೊರೆ ಕರಗಿ, ಎಲೆ ಬಟ್ಟೆಯಂತೆ ಬಾಗುತ್ತದೆ, ಮಡಚಿದರೆ ಹರಿಯುವುದಿಲ್ಲ. ಹೀಗೆ ಬಾಡಿಸಿದ ಕೀತುಗಳನ್ನು ಉರುಳಿಯ ತಳಕ್ಕೂ ಬದಿಗೂ ಒಂದರ ಮೇಲೊಂದು ಬರುವಂತೆ ಹಾಸಿ, ತುದಿಗಳು ಹೊರಗೆ ಇಳಿಬೀಳುವಂತೆ ಬಿಡುತ್ತಾರೆ. ಎಲೆಗೆ ತುಪ್ಪ ಸವರಿ, ಹಿಟ್ಟನ್ನು ಎರಡರಿಂದ ಮೂರು ಅಂಗುಲ ದಪ್ಪಕ್ಕೆ ತುಂಬಿ, ಕೈಗೆ ನೀರು ಮುಟ್ಟಿಸಿಕೊಂಡು ಮೇಲ್ಮೈ ಸಮ ಮಾಡಿ, ಇಳಿಬಿಟ್ಟ ತುದಿಗಳನ್ನು ಒಳಗೆ ಮಡಚಿ, ಮೇಲೆ ಮತ್ತೊಂದು ಕೀತು ಮುಚ್ಚುತ್ತಾರೆ. ಎಲೆ ಇಲ್ಲಿ ಮೂರು ಕೆಲಸ ಮಾಡುತ್ತದೆ: ಹಿಟ್ಟು ಪಾತ್ರೆಗೆ ಹಿಡಿಯದಂತೆ ತಡೆಯುತ್ತದೆ, ಒಳಗಿನ ತೇವ ಆರದಂತೆ ಕಾಯುತ್ತದೆ, ತನ್ನ ಪರಿಮಳವನ್ನೂ ಕೊಡುತ್ತದೆ.

ಈಗ ಒಲೆಯ ಉರಿಯನ್ನು ಹೊರಗೆಳೆದು ಕೆಂಡವನ್ನಷ್ಟೇ ಉಳಿಸಿ ಅದರ ಮೇಲೆ ಉರುಳಿ ಇಡುತ್ತಾರೆ. ಮುಚ್ಚಳ ಮುಚ್ಚಿ ಅದರ ಮೇಲೆ ಗೆರಟೆಯ ಕೆಂಡ ಹರಡುತ್ತಾರೆ, ನಡುವಿಗಿಂತ ಅಂಚಿನ ಸುತ್ತ ಹೆಚ್ಚಾಗಿ. ಅಡಿಯಲ್ಲಿ ಕಡಿಮೆ, ಮೇಲೆ ಹೆಚ್ಚು ಎಂಬುದೇ ನಿಯಮ. ಕೆಳಗಿನ ಶಾಖ ಪಾತ್ರೆಯ ಮೂಲಕ ನೇರವಾಗಿ ತಾಗುವುದರಿಂದ ಅಡಿ ಬೇಗ ಸೀಯುತ್ತದೆ. ಮೇಲಿನ ಕೆಂಡ ಬೂದಿ ಕಟ್ಟಿದಾಗ ಅದನ್ನು ಕೆದಕಿ ಊದಿ ಬಿರುಸಾಗಿಸುತ್ತಾರೆ, ಬಿರುಸು ಅತಿಯಾದರೆ ಬೂದಿ ಮುಚ್ಚಿ ತಗ್ಗಿಸುತ್ತಾರೆ. ಬೂದಿಯೇ ಈ ಒಲೆಯ ಶಾಖ ನಿಯಂತ್ರಕ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಅಡ್ಯೆ ಬೇಯುತ್ತದೆ. ದೊಡ್ಡ ಉರುಳಿಯಾದರೆ ಇನ್ನೂ ಹೊತ್ತು ಬೇಕು.

ಬೆಂದದ್ದು ಮೊದಲು ಮೂಗಿಗೆ ತಿಳಿಯುತ್ತದೆ. ಹಣ್ಣಿನ ವಾಸನೆಯ ಜಾಗದಲ್ಲಿ ಸುಟ್ಟ ಬೆಲ್ಲ ಮತ್ತು ಎಲೆಯ ಪರಿಮಳ ಬರುತ್ತದೆ. ಮುಚ್ಚಳ ತೆಗೆದು ನೋಡಿದರೆ ಮೇಲಿನ ಎಲೆ ಕಂದಾಗಿ ಒಣಗಿರುತ್ತದೆ. ತೆಂಗಿನ ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟಿರಬಾರದು. ಬಿಸಿಯಿರುವಾಗ ಕತ್ತರಿಸಿದರೆ ಅಡ್ಯೆ ಕುಸಿಯುತ್ತದೆ. ಪೂರ್ತಿ ತಣಿದ ಮೇಲೆ ಎಲೆ ಸುಲಿದು ತುಂಡು ಮಾಡಬೇಕು. ಎಲೆಯ ನರಗಳ ಗೆರೆ ಕಂದು ಹೊರಮೈಯ ಮೇಲೆ ಅಚ್ಚಾಗಿರುತ್ತದೆ, ಒಳಭಾಗ ಜೇನುಬಣ್ಣದಲ್ಲಿ ಮೆತ್ತಗಿರುತ್ತದೆ.

ಬೇಯುವ ಬಗೆ

ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಗೋಧಿಯ ಕೇಕಿನಂತೆ ಗಾಳಿಯನ್ನು ಹಿಡಿದು ಉಬ್ಬುವ ಶಕ್ತಿ ಅದಕ್ಕಿಲ್ಲ. ಅಡ್ಯೆ ನಿಲ್ಲುವುದು ಪಿಷ್ಟದ ಬಲದಿಂದ. ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಕ್ಕಿಯ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ತಣಿಯುವ ತನಕ ಕತ್ತರಿಸಬಾರದೆಂಬ ರೂಢಿಯ ಹಿಂದಿನ ಕಾರಣ ಇದು.

ಹಬೆಯಲ್ಲಿ ಬೇಯುವ ಕೊಟ್ಟಿಗೆಯ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಆದ್ದರಿಂದ ಅದು ಹಣ್ಣಿನ ಬಣ್ಣ ರುಚಿಗಳನ್ನು ಇದ್ದಂತೆಯೇ ಉಳಿಸಿಕೊಳ್ಳುತ್ತದೆ. ಕೆಂಡದ ಒಣ ಶಾಖ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಹೊರಮೈ ಸುಮಾರು 140 ಡಿಗ್ರಿ ದಾಟಿದಾಗ ಸಕ್ಕರೆ ಮತ್ತು ಪ್ರೋಟೀನುಗಳ ನಡುವೆ ಮೆಯಾರ್ ಕ್ರಿಯೆ ಬಿರುಸಾಗಿ, ಕಂದು ಬಣ್ಣವೂ ಹುರಿದ ಪರಿಮಳವೂ ಹುಟ್ಟುತ್ತವೆ. ಇನ್ನೂ ಹೆಚ್ಚಿನ ಶಾಖದಲ್ಲಿ ಬೆಲ್ಲ ಕ್ಯಾರಮೆಲ್ ಆಗುತ್ತದೆ. ಬೇಯುವಾಗ ನೀರಿನಂಶ ಒಂದಷ್ಟು ಆರುವುದರಿಂದ ಅಡ್ಯೆ ಕೊಟ್ಟಿಗೆಗಿಂತ ಒಂದೆರಡು ದಿನ ಹೆಚ್ಚು ಬಾಳುತ್ತದೆ.

ಬಗೆಗಳು ಮತ್ತು ಹತ್ತಿರದ ತಿಂಡಿಗಳು

ಹಲಸು ಮತ್ತು ಸೌತೆಯ ಅಡ್ಯೆಗಳೇ ಪ್ರಧಾನ. ಬಾಳೆಹಣ್ಣು, ಸಿಹಿಗುಂಬಳದಿಂದಲೂ ಮಾಡಬಹುದು.

ಕೊಂಕಣಿಗರ ತವ್ಸಳಿ ಸೌತೆ, ಅಕ್ಕಿ ರವೆ, ಬೆಲ್ಲ, ತೆಂಗಿನಕಾಯಿಗಳ ಕೇಕು. ಗೋವೆಯಿಂದ ಕರಾವಳಿಯ ಉದ್ದಕ್ಕೂ ಇದು ಇದೆ, ಸೌತೆಯ ಕೆಂಡದಡ್ಯೆಗೆ ಅತಿ ಹತ್ತಿರದ್ದು. ಇವೆರಡರಲ್ಲಿ ಯಾವುದು ಮೊದಲು ಎಂದು ವಾದಿಸುವುದರಲ್ಲಿ ಅರ್ಥವಿಲ್ಲ, ಒಂದೇ ಬೆಳೆ ಮತ್ತು ಒಂದೇ ಬಗೆಯ ಒಲೆ ಇರುವ ಕಡೆ ಒಂದೇ ತಿಂಡಿ ಹುಟ್ಟುವುದು ಸಹಜ.

ಕಲ್ತಪ್ಪ ಅಥವಾ ಕಲತ್ತಪ್ಪ ಕಾಸರಗೋಡು, ಕಣ್ಣೂರುಗಳ ಮಾಪಿಳ್ಳೆ ಮನೆಗಳಲ್ಲಿ ಮತ್ತು ಬ್ಯಾರಿಗಳಲ್ಲಿ ಪ್ರಸಿದ್ಧ. ಅಕ್ಕಿಯನ್ನು ನುಣ್ಣಗೆ ಅರೆದು, ಬೆಲ್ಲದ ಬಿಸಿ ಪಾಕ ಸುರಿದು ತೆಳ್ಳಗಿನ ಹಿಟ್ಟು ಮಾಡುತ್ತಾರೆ. ಉರುಳಿಯಲ್ಲಿ ಎಣ್ಣೆ ಅಥವಾ ತುಪ್ಪ ಕಾಯಿಸಿ ಸಣ್ಣ ಈರುಳ್ಳಿ ಮತ್ತು ತೆಂಗಿನ ಚೂರು ಹುರಿದು, ಅದರ ಮೇಲೆಯೇ ಹಿಟ್ಟು ಹೊಯ್ದು, ಮುಚ್ಚಿ, ಮೇಲೆ ಕೆಂಡ ಹಾಕುತ್ತಾರೆ. ಇದರಲ್ಲಿ ಎಲೆಯಿಲ್ಲ, ಹಣ್ಣಿಲ್ಲ. ಕತ್ತರಿಸಿದರೆ ಒಳಗೆ ಜೇನುಗೂಡಿನಂಥ ರಂಧ್ರಗಳು. ಈಗ ರಂಧ್ರಕ್ಕಾಗಿ ಸೋಡಾ ಪುಡಿ ಬಳಸುವುದು ಸಾಮಾನ್ಯ.

ಓಡುಪ್ಪಾಳೆ ಮಣ್ಣಿನ ಓಡಿನಲ್ಲಿ ಬೇಯುವ ದೋಸೆ. ಕಾದ ಓಡಿಗೆ ಅಕ್ಕಿಯ ಹಿಟ್ಟು ಹೊಯ್ದು ಮುಚ್ಚುತ್ತಾರೆ, ಮಗುಚುವುದಿಲ್ಲ. ಎಣ್ಣೆ ಬೇಕಿಲ್ಲ. ಮಲಯಾಳದ ಓಟ್ಟಡ ಇದೇ ಬಗೆಯದು. ಇದರಲ್ಲಿ ಮೇಲಿನ ಕೆಂಡವಿಲ್ಲದಿದ್ದರೂ ಮುಚ್ಚಿದ ಓಡಿನೊಳಗಿನ ಬಿಸಿಯಿಂದ ಮೇಲ್ಮೈ ಬೇಯುವುದರಿಂದ ಇದನ್ನು ದೋಸೆ ಮತ್ತು ಬೇಕಿಂಗಿನ ನಡುವಿನದೆಂದು ಎಣಿಸಬಹುದು.

ಎಲೆಯನ್ನೇ ತಿನ್ನುವ ಅಡುಗೆ ಪತ್ರೊಡೆ. ಕೆಸವಿನ ಎಲೆಗೆ ಅಕ್ಕಿ, ಹುಳಿ, ಮೆಣಸು, ಬೆಲ್ಲದ ಅರಪ್ಪನ್ನು ಹಚ್ಚಿ ಸುರುಳಿ ಸುತ್ತಿ ಬೇಯಿಸುವುದು ಕರಾವಳಿಯ ಹೆಚ್ಚಿನ ಕಡೆಯ ಕ್ರಮ. ಹವ್ಯಕ ಮನೆಗಳಲ್ಲಿ ಎಲೆಯನ್ನು ಸಣ್ಣಗೆ ಕೊಚ್ಚಿ ಅರಪ್ಪಿನಲ್ಲಿ ಕಲಸಿ, ಬಾಳೆಲೆಯಲ್ಲಿ ಕಟ್ಟಿ ಅಟ್ಟಿನಳಗೆ ಎಂಬ ಹಬೆಪಾತ್ರೆಯಲ್ಲಿ ಬೇಯಿಸುವ ಬಗೆಯೂ ಇದೆ. ಅರಿಶಿನ ಎಲೆಯಲ್ಲಿ ಮಾಡುವ ಸಿಹಿ ಕಡುಬು ಮಳೆಗಾಲದ್ದು. ಇವೆಲ್ಲ ಹಬೆಯ ಅಡುಗೆಗಳು. ಮಧೂರು ದೇವಸ್ಥಾನದ ಪ್ರಸಾದವಾಗಿ ಹೆಸರಾದ ಅಪ್ಪ ತುಪ್ಪದಲ್ಲಿ ಕರಿದದ್ದಾದ್ದರಿಂದ ಅದೂ ಬೇರೆ ವರ್ಗ.

ಕೆಂಡದಲ್ಲಿ ನೇರವಾಗಿ ಸುಡುವ ಪದಾರ್ಥಗಳೂ ಇಲ್ಲಿ ಹೆಸರಿಸತಕ್ಕವು. ಹಲಸಿನ ಬೀಜ, ಗೆಣಸು, ಹಪ್ಪಳ, ಗೇರುಬೀಜಗಳನ್ನು ಹಾಗೆಯೇ ಸುಡುತ್ತಾರೆ. ಬದನೆಯನ್ನು ಸುಟ್ಟು ಸಿಪ್ಪೆ ಸುಲಿದು ಗೊಜ್ಜು ಮಾಡುತ್ತಾರೆ.

ಬಳಕೆ

ಹಲಸು ಹಣ್ಣಾಗುವುದು ಏಪ್ರಿಲ್‌ನಿಂದ ಜುಲೈ ತನಕ. ಹಲಸಿನ ಅಡ್ಯೆಯ ಕಾಲವೂ ಅದೇ. ಹೊರಗೆ ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ತೋಟದ ಕೆಲಸ ಕಡಿಮೆ, ಒಲೆಯ ಬುಡದ ಬೆಚ್ಚನೆ ಎಲ್ಲರಿಗೂ ಬೇಕು. ಗಂಟೆಗಟ್ಟಲೆ ಕೆಂಡ ಕಾಯುವ ತಿಂಡಿಗೆ ಇದಕ್ಕಿಂತ ಅನುಕೂಲದ ಸಮಯ ಬೇರೆ ಇಲ್ಲ. ಸಂಜೆ ಮಾಡಿಟ್ಟರೆ ಮರುದಿನ ಬೆಳಗ್ಗಿನ ಕಾಫಿಗೂ ಸಂಜೆಯ ಚಾಕ್ಕೂ ಆಗುತ್ತದೆ. ತುಂಡಿನ ಮೇಲೆ ತುಪ್ಪ ಹಾಕಿಕೊಂಡು ತಿನ್ನುವುದು ರೂಢಿ. ಹಳಸುವ ಮುಂಚೆ ಉಳಿದ ತುಂಡುಗಳನ್ನು ಕಾವಲಿಯ ಮೇಲೆ ತುಪ್ಪದಲ್ಲಿ ಬಿಸಿ ಮಾಡಿದರೆ ಮೊದಲ ದಿನಕ್ಕಿಂತ ಹೆಚ್ಚು ರುಚಿ ಎನ್ನುವವರು ಇದ್ದಾರೆ.

ಇದು ಸಮಾರಂಭದ ತಿಂಡಿಯಲ್ಲ. ಮದುವೆ, ಪೂಜೆಗಳ ದೊಡ್ಡ ಊಟದಲ್ಲಿ ನೂರಾರು ಜನರಿಗೆ ಕೆಂಡದ ಮೇಲೆ ಬೇಯಿಸುವುದು ಕಷ್ಟ. ಮನೆಮಂದಿಗೆ ಮತ್ತು ಬಂದ ನೆಂಟರಿಗೆ ಮಾಡುವ ತಿಂಡಿಯಾಗಿಯೇ ಇದು ಉಳಿದು ಬಂದಿದೆ. ಹೋಟೆಲುಗಳಲ್ಲಿ ಸಿಗದಿರುವುದಕ್ಕೂ ಇದೇ ಕಾರಣ.

ಇತರ ದೇಶಗಳ ಹೋಲಿಕೆ

ಮುಚ್ಚಳದ ಮೇಲೆ ಕೆಂಡ ಹಾಕುವ ಕ್ರಮ ಓವನ್ ಇಲ್ಲದ ಅನೇಕ ನಾಡುಗಳಲ್ಲಿದೆ. ಗ್ರೀಸ್ ದೇಶದ ಸಾಂಪ್ರದಾಯಿಕ ಅಡುಗೆಯಲ್ಲಿ ಇದರ ಸಾಧನಕ್ಕೆ ಗಾಸ್ತ್ರಾ ಎಂದು ಹೆಸರು. ಅದು ಗುಮ್ಮಟದಾಕಾರದ ಮುಚ್ಚಳ, ಮಣ್ಣಿನದು ಅಥವಾ ಲೋಹದ್ದು. ಒಲೆಯ ಬಿಸಿ ನೆಲದ ಮೇಲೆ ದುಂಡು ತಟ್ಟೆಯಲ್ಲಿ ತಿಂಡಿಯಿಟ್ಟು ಗಾಸ್ತ್ರಾ ಮುಚ್ಚಿ, ಅದರ ಮೇಲೆ ಕೆಂಡ ಬೂದಿ ಹೇರುತ್ತಾರೆ. ವಾಯವ್ಯ ಗ್ರೀಸಿನ ಬೆಟ್ಟ ಪ್ರದೇಶವಾದ ಎಪಿರಸ್ ಈ ಬಗೆಯಲ್ಲಿ ಬೇಯುವ ಪೀಟಾಗಳಿಗೆ ಹೆಸರುವಾಸಿ. ತೆಳ್ಳನೆಯ ಗೋಧಿ ಹಾಳೆಗಳ ನಡುವೆ ಸೊಪ್ಪು, ಚೀಸ್ ತುಂಬಿದ ತಿಂಡಿಗಳವು. ಪ್ರಾಚೀನ ಗ್ರೀಕರಲ್ಲೂ ಕ್ರಿಬನೋಸ್ ಎಂಬ ಗಂಟೆಯಾಕಾರದ ಮಣ್ಣಿನ ಬೇಕಿಂಗ್ ಪಾತ್ರೆ ಇತ್ತು. ಕ್ರೊಯೇಷಿಯಾದ ಪೆಕಾ, ಬಾಲ್ಕನ್ ನಾಡುಗಳ ಸಾಚ್ ಇದೇ ಕುಟುಂಬದವು.

ಎಲೆಯ ಅಡುಗೆಯಲ್ಲೂ ಹೋಲಿಕೆಯಿದೆ. ಗ್ರೀಕರು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸುವ ದೊಲ್ಮಾದೆಸ್ ನಮ್ಮ ಪತ್ರೊಡೆಯಂತೆ ಎಲೆಸಮೇತ ತಿನ್ನುವಂಥದ್ದು. ಗ್ರೀಸಿನ ಹಳ್ಳಿಗಳಲ್ಲಿ ಮನೆಯ ಅಂಗಳದಲ್ಲಿ ಸೌದೆಯ ಗುಮ್ಮಟ ಒಲೆ ಕಟ್ಟಿಕೊಂಡವರಿದ್ದರು. ಅದಿಲ್ಲದವರು ತಟ್ಟೆ ತುಂಬಿ ಊರಿನ ರೊಟ್ಟಿಯವನ ಒಲೆಗೆ ಕಳಿಸುತ್ತಿದ್ದರು. ಪೆರ್ಲದಂಥ ಕಡೆ ಮನೆಗಳು ಒಂದಕ್ಕೊಂದು ದೂರ, ಪ್ರತಿ ಮನೆಯೂ ತನ್ನ ತೋಟದ ನಡುವೆ ಒಂಟಿ. ಊರೊಟ್ಟಿನ ಒಲೆಗೆ ಇಲ್ಲಿ ಆಸ್ಪದವೇ ಇರಲಿಲ್ಲ, ಮನೆಯ ಮುಚ್ಚಳವೇ ಓವನ್ ಆಯಿತು.

ಬೇಕರಿ ಮತ್ತು ಓವನ್

ಗೋಧಿಯ ಬೇಕಿಂಗ್ ಈ ಕರಾವಳಿಗೆ ವಸಾಹತು ಕಾಲದಲ್ಲಿ ಬಂತು. ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು 1880ರಲ್ಲಿ ರಾಯಲ್ ಬಿಸ್ಕತ್ತು ಕಾರ್ಖಾನೆ ಆರಂಭಿಸಿದರು. 1883ರ ಕ್ರಿಸ್ಮಸ್‌ಗಾಗಿ ಅವರು ಮಾಡಿಕೊಟ್ಟ ಪ್ಲಮ್ ಕೇಕು ಭಾರತದ ಮೊದಲ ಕ್ರಿಸ್ಮಸ್ ಕೇಕೆಂದು ಪ್ರಸಿದ್ಧವಾಗಿದೆ. ಅಡಿಕೆ ತೋಟದ ಒಳನಾಡಿಗೆ ಬೇಕರಿ ತಿನಿಸು ಬಂದದ್ದು ರಸ್ತೆ, ಬಸ್ಸುಗಳ ಜೊತೆಗೆ, ಬಹಳ ತಡವಾಗಿ. ಮನೆಯಲ್ಲಿ ಕೇಕು ಮಾಡುವ ರೂಢಿ ಮೊದಲು ಪ್ರೆಷರ್ ಕುಕ್ಕರಿನಿಂದ ಶುರುವಾಯಿತು: ತಳದಲ್ಲಿ ಮರಳು ಅಥವಾ ಉಪ್ಪು ಹಾಕಿ, ವೆಯ್ಟ್ ಮತ್ತು ಗ್ಯಾಸ್ಕೆಟ್ ತೆಗೆದು, ಒಳಗೆ ಕೇಕಿನ ಪಾತ್ರೆಯಿಟ್ಟು ಒಣ ಶಾಖದಲ್ಲಿ ಬೇಯಿಸುವ ಕ್ರಮ. ಆಮೇಲೆ ವಿದ್ಯುತ್ ಓವನುಗಳು ಬಂದವು. 2020ರ ಲಾಕ್‌ಡೌನ್ ಅವಧಿಯಲ್ಲಿ ಕೇರಳದ ಉದ್ದಕ್ಕೂ ಮನೆಯಿಂದಲೇ ಕೇಕು ಮಾಡಿ ಮಾರುವವರ ಸಂಖ್ಯೆ ಎದ್ದುಕಾಣುವಂತೆ ಹೆಚ್ಚಿತು. ಹೀಗೆ ಮಾರುವವರು 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ.

ಓವನಿನಲ್ಲಿ ಕೆಂಡದಡ್ಯೆಯ ಹಿಟ್ಟು ಚೆನ್ನಾಗಿಯೇ ಬೇಯುತ್ತದೆ. ಬಾಳೆಲೆ ಹಾಸಿದ ತಟ್ಟೆಯಲ್ಲಿ 170ರಿಂದ 180 ಡಿಗ್ರಿಯಲ್ಲಿ 45ರಿಂದ 60 ನಿಮಿಷ ಸಾಕು. ಬಣ್ಣ, ಹದ ಎರಡೂ ಬರುತ್ತವೆ. ಗೆರಟೆಯ ಹೊಗೆಯ ಸೋಂಕಿನಿಂದ ಬರುವ ಪರಿಮಳ ಮಾತ್ರ ಬರುವುದಿಲ್ಲ. ಗ್ಯಾಸ್ ಒಲೆಯ ಮೇಲೆ ಮಾಡುವವರು ಪಾತ್ರೆಯ ಕೆಳಗೆ ದಪ್ಪ ಕಾವಲಿ ಇಟ್ಟು, ಮುಚ್ಚಳದ ಮೇಲೆ ಕಾದ ಇನ್ನೊಂದು ಕಾವಲಿ ಇಡುತ್ತಾರೆ. ಇದು ಒಳ್ಳೆಯ ಉಪಾಯ, ಆದರೆ ಕಾವಲಿಯನ್ನು ಮತ್ತೆ ಮತ್ತೆ ಕಾಯಿಸಬೇಕಾಗುತ್ತದೆ.

ಇಂದಿನ ಸ್ಥಿತಿ

ಬೈಲುಗಳ ಭತ್ತದ ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಮನೆಯ ಅಕ್ಕಿ ಅಂಗಡಿಯ ಅಕ್ಕಿಯಾಗಿದೆ. ಅಡುಗೆಮನೆಯ ಸೌದೆ ಒಲೆ ಹೆಚ್ಚಿನ ಕಡೆ ಹಿಂದಿನ ಚಾವಡಿಗೆ ಸರಿದಿದೆ, ಇಲ್ಲವೆ ಬಚ್ಚಲಿನಲ್ಲಷ್ಟೇ ಉಳಿದಿದೆ. ಹೊಗೆಯಿಂದ ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಆಗುತ್ತಿದ್ದ ತೊಂದರೆಯನ್ನು ನೆನೆದರೆ ಗ್ಯಾಸಿನ ಬರವು ನಿಸ್ಸಂಶಯವಾಗಿ ಒಳ್ಳೆಯದು. ಅದರ ಜೊತೆಗೆ ದಿನವೂ ಕೆಂಡ ಕೈಗೆ ಸಿಗುವ ಅನುಕೂಲ ಹೋಯಿತು, ಕೆಂಡದಡ್ಯೆ ವರ್ಷಕ್ಕೆ ಒಂದೆರಡು ಸಲದ ತಿಂಡಿಯಾಯಿತು.

ಇನ್ನೊಂದು ಕಡೆ ಹಲಸಿಗೆ ಮತ್ತೆ ಬೆಲೆ ಬಂದಿದೆ. 1988ರಲ್ಲಿ ಆರಂಭವಾದ ಪುತ್ತೂರಿನ ‘ಅಡಿಕೆ ಪತ್ರಿಕೆ’ ಹಲಸಿನ ಬಳಕೆ ಮತ್ತು ಮೌಲ್ಯವರ್ಧನೆಯ ಬಗ್ಗೆ ವರ್ಷಗಟ್ಟಲೆ ಬರೆದಿದೆ. ಅದರ ಸಂಪಾದಕ ಶ್ರೀಪಡ್ರೆ ಪೆರ್ಲದ ಸಮೀಪದ ಪಡ್ರೆಯವರು. ಕೇರಳ ಸರಕಾರ 2018ರ ಮಾರ್ಚ್‌ನಲ್ಲಿ ಹಲಸನ್ನು ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿತು. ಪುತ್ತೂರು, ಮಂಗಳೂರು ಮುಂತಾದ ಕಡೆ ನಡೆಯುವ ಹಲಸಿನ ಮೇಳಗಳಲ್ಲಿ ಕೊಟ್ಟಿಗೆ, ಹಪ್ಪಳ, ಬೆರಟಿ, ಮುಳುಕ, ದೋಸೆಗಳಿಗೆ ಜನ ಸಾಲು ನಿಲ್ಲುತ್ತಾರೆ. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀಯ ಮಹಿಳಾ ಘಟಕಗಳೂ ಹಲಸಿನ ಉತ್ಪನ್ನಗಳಲ್ಲಿ ತೊಡಗಿವೆ. ಹಪ್ಪಳ, ಬೆರಟಿಗಳಂತೆ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಲಾಗದ ಕೆಂಡದಡ್ಯೆಗೆ ಈ ಮಾರುಕಟ್ಟೆಯಲ್ಲಿ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. ಗ್ಲುಟೆನ್ ಇಲ್ಲದ, ಮೊಟ್ಟೆಯಿಲ್ಲದ, ಬಿಳಿ ಸಕ್ಕರೆಯಿಲ್ಲದ ಕೇಕು ಹುಡುಕುವವರು ಪೇಟೆಗಳಲ್ಲಿ ಹೆಚ್ಚುತ್ತಿರುವಾಗ ಅದು ಸಿಗಲೇಬೇಕಾದ ಜಾಗ.

ಹವ್ಯಕ ಮತ್ತು ತುಳು ಅಡುಗೆಯ ಪುಸ್ತಕಗಳಲ್ಲಿ, ಬ್ಲಾಗುಗಳಲ್ಲಿ, ವೀಡಿಯೊಗಳಲ್ಲಿ ಅಡ್ಯೆಯ ಸಾಮಗ್ರಿಗಳ ಅಳತೆ ದಾಖಲಾಗುತ್ತಿದೆ. ಯಾವ ಕೆಂಡ, ಎಷ್ಟು, ಮೇಲೆ ಎಷ್ಟು ಹೊತ್ತು, ಬೂದಿ ಯಾವಾಗ ಮುಚ್ಚಬೇಕು ಎಂಬ ಭಾಗ ಬರವಣಿಗೆಗೆ ಬಂದದ್ದು ಕಡಿಮೆ. ಅದು ಇಂದಿಗೂ ಮಾಡಿದವರ ಕೈಯಲ್ಲಷ್ಟೇ ಇದೆ. ಮನೆಯಲ್ಲಿ ಒಲೆಯೂ ಅದನ್ನು ಬಲ್ಲ ಹಿರಿಯರೂ ಇರುವವರು ಬರುವ ಹಲಸಿನ ಕಾಲದಲ್ಲಿ ಅವರ ಬಳಿ ಕುಳಿತು ಇದನ್ನು ಬರೆದಿಟ್ಟುಕೊಳ್ಳಬೇಕು.